ಮರಳು ಸಿಡಿದರೆ

ಬಿಆರ್‌ಸಿಯ ಮೇಲಂತಸ್ತು, ತರಬೇತಿ ಎರಡು ದಿನ.
ನಾಲ್ಕು ಫ್ಯಾನು, ತಿರುಗುವುದು ಒಂದೂವರೆ.
ಸಹಿ ಹಾಕಿ ಹಿಂದಿನ ಸಾಲಿಗೆ ಹೋದೆ,
ಚೀಲದಲ್ಲಿ ಕಿರುಪರೀಕ್ಷೆಯ ನಲವತ್ತೊಂದು ಪತ್ರಿಕೆ,
ಕೆಂಪು ಪೆನ್ನು.
ಕೇಳುತ್ತ ಕೇಳುತ್ತ ತಿದ್ದಿಬಿಡೋಣ ಅಂತ.

ಮೆಹಜಬೀನ್ ಮೇಡಂ ಹರಿಹರದವರು. ದನಿ ಏರಿಸಲಿಲ್ಲ.
ಬೋರ್ಡಿನ ಮೇಲೊಂದು ಪುಟ್ಟ ಕೈ ಬರೆದರು,
ಅದರ ತುಂಬ ಚುಕ್ಕಿ, ದೊಡ್ಡದು ಸಣ್ಣದು, ಚೆಲ್ಲಾಪಿಲ್ಲಿ.
"ಸಿಡಿದದ್ದು ಹೀಗಿರುತ್ತೆ."
ಪಕ್ಕದಲ್ಲಿ ಇನ್ನೊಂದು ಕೈ.
ಒಂದೇ ಗೆರೆ, ಸ್ಕೇಲಿಟ್ಟು ಎಳೆದ ಹಾಗೆ.
"ಒತ್ತಿ ಹಿಡಿದದ್ದು ಹೀಗೆ."

ನನ್ನ ಪೆನ್ನು ನಿಂತದ್ದು ಅಲ್ಲಿ.

ಕಟ್ಟಿನಲ್ಲಿ ಒಂದು ಪತ್ರಿಕೆ ಕಡಿಮೆಯಿತ್ತು, ಕೊಟ್ರೇಶಿಯದು.
ಆಷಾಢದಲ್ಲಿ ಅವನೇ ಕೈ ತೋರಿಸಿದ್ದ, ಕೇಳಿದ್ದಕ್ಕೆ:
"ಭಟ್ಟೀಲಿ ಮರಳು ಸಿಡೀತು ಮಿಸ್."
ಮಂಡಕ್ಕಿ ಭಟ್ಟಿ ಕಡೆಯ ಹುಡುಗ. ತಲೆಗೂದಲಿಗೆ ಹೊಗೆ ವಾಸನೆ,
ಕಿಸೆಯಲ್ಲಿ ಯಾವಾಗಲೂ ಒಂದು ಹಿಡಿ ಮಂಡಕ್ಕಿ.
ಅಲ್ಲಿ ಮರಳು ಸಿಡಿಯದೆ ಇನ್ನೇನು ಸಿಡಿದೀತು?
ಮುಲಾಮು ಹಚ್ಚಿದೆ. ನಾನು ಒಳ್ಳೆಯವಳು ಅಂದುಕೊಂಡೆ.
ಆ ವಾರವೆಲ್ಲ ಎಡಗೈಯಲ್ಲಿ ಬರೆದ ಅವನ ಲೆಕ್ಕಕ್ಕೆ
"ಅಕ್ಷರ ಸುಧಾರಿಸಲಿ" ಎಂದು ಷರಾ ಹಾಕಿದೆ.

ಡ್ರಿಲ್ ಮೇಷ್ಟ್ರು ಓಂಕಾರಪ್ಪ ಎದ್ದು ಕೇಳಿದರು:
"ಹೊಡೆತ ಅಂದ್ರೆ ನಾವು ಕೊಡೋದೂ ಸೇರುತ್ತಾ ಮೇಡಂ?"
ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.
"ಮನೇಲಿ ತಿಂದು ಬಂದ ಮಗು
ಕೋಲು ಹಿಡಿದ ಕೈ ಹತ್ತಿರ ಬಂದು ಹೇಳುತ್ತಾ ಸರ್?"
ಓಂಕಾರಪ್ಪ ಕೂತರು.
ಊಟದ ತನಕ ವಿಸಿಲಿನ ದಾರ ಬೆರಳಿಗೆ ಸುತ್ತಿದರು,
ಬಿಚ್ಚಿದರು, ಸುತ್ತಿದರು.

ಎರಡನೆಯ ದಿನ ಬಿಸಿಯೂಟದವರನ್ನೂ ಕರೆಸಿದರು.
ಹಾಲಮ್ಮ ಕುರ್ಚಿ ಬೇಡವೆಂದು ಬಾಗಿಲಲ್ಲೇ ನಿಂತಳು.
"ನಿಮಗೇನಾದರೂ ಗೊತ್ತಾಗುತ್ತಾ ಅಮ್ಮ?"
ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡಳು.
"ಗೊತ್ತಾಗ್ದೆ ಏನ್ರೀ. ಸೋಮಾರ ಮೂರು ಸಲ ಅನ್ನಕ್ಕೆ ಬರೋನ್ಯಾರು,
ಬಡಿಸಾಕೆ ಸೌಟು ಎತ್ತಿದ್ರೆ ತಲಿ ತಗ್ಗಿಸೋನ್ಯಾರು,
ಎಲ್ಲ ಗೊತ್ತೈತಿ.
ನಮ್ಮನ್ನ ಕೇಳಿದೋರು ಯಾರು?"

ಫ್ಯಾನಿನ ಕಿರುಗುಟ್ಟು ಬಿಟ್ಟರೆ ಮಾತಿಲ್ಲ.
ಅವಳು ಹೇಳದ ಹೆಸರು ನನಗೆ ಕೇಳಿಸಿತು.

ಸೋಮವಾರ ಬಂದ.
ಬಾಗಿಲು ತೆರೆದೇ ಇಟ್ಟು, ಕುರ್ಚಿ ಬಿಟ್ಟು
ಅವನ ಪಕ್ಕ ನೆಲಕ್ಕೆ ಕೂತೆ. ನನ್ನ ಮಂಡಿ ಲಟಕ್ಕೆಂದಿತು,
ಫಕ್ಕನೆ ನಕ್ಕುಬಿಟ್ಟ.
ಯಾರು, ಯಾಕೆ ಎನ್ನಲಿಲ್ಲ. ಅಷ್ಟು ಕಲಿತಿದ್ದೆ.
"ಅವತ್ತು ನಿನ್ನ ಕೈ ನಾನು ಸರಿಯಾಗಿ ನೋಡಲಿಲ್ಲ ಕಣೋ.
ಹೇಳಬೇಕು ಅನ್ನಿಸಿದಾಗ ಹೇಳು, ಇಲ್ಲೇ ಇರ್ತೀನಿ."

ಕಿಸೆಯಿಂದ ಮಂಡಕ್ಕಿ ತೆಗೆದು
ಒಂದೊಂದೇ ಕಾಳು ನೆಲದ ಮೇಲೆ ಸಾಲಾಗಿ ಇಟ್ಟ.
ಏಳು ಇಟ್ಟ. ಎಂಟನೆಯದು ತಿಂದ.
"ಯಾರಿಗೂ ಹೇಳಲ್ಲ ತಾನೆ ಮಿಸ್?"

ಇಪ್ಪತ್ತಾರು ವರ್ಷ ನಾಲಿಗೆಗೆ ರೂಢಿಯಾದ ಉತ್ತರ
ಹಲ್ಲಿನ ತನಕ ಬಂತು: ಇಲ್ಲಪ್ಪ, ದೇವರಾಣೆ.
ನುಂಗಿದೆ.
"ಹೇಳಬೇಕಾಗುತ್ತೆ. ನಿನ್ನನ್ನ ಕಾಯೋರಿಗೆ ಮಾತ್ರ.
ಯಾರಿಗೆ ಅಂತ ಮೊದಲು ನಿನಗೇ ಹೇಳ್ತೀನಿ."

ಮುಖದ ಷಟರ್ ಎಳೆದುಕೊಂಡ,
ಕೆಳಗೊಂದು ಗೇಣು ಬಿಟ್ಟು.
ಬ್ಯಾಗು ಹೆಗಲಿಗೇರಿಸಿ ಹೊರಟೇಹೋದ.
ಕೆಟ್ಟಿತು ಅಂದುಕೊಂಡೆ.
ಒಂದು ಸುಳ್ಳಿಗೆ ಎಷ್ಟು ಖರ್ಚಾಗುತ್ತಿತ್ತು, ಅಂತ ಕೂಡ.
ನೆಲದ ಮೇಲಿನ ಏಳು ಕಾಳಿಗೆ ಇರುವೆ ಬರಲು ಶುರುವಾಗಿತ್ತು.

ಗೇಟಿನಿಂದ ವಾಪಸು ಬಂದ.
ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು
ನನ್ನನ್ನಲ್ಲ, ಚೌಕಟ್ಟಿನ ಮೊಳೆಯನ್ನು ನೋಡುತ್ತ ಅಂದ.

ಚೀಲವೆಲ್ಲ ತಡಕಿ ನೀಲಿ ಪೆನ್ನು ಹುಡುಕಿದೆ.
ಅವನ ಮಾತು ಅವನ ಪದದಲ್ಲೇ ಇರಬೇಕು:
ಮರಳು ಅಲ್ಲ ಮಿಸ್.
ತಾರೀಕು. ನಾಲ್ಕೂ ಹತ್ತು.
ಉಳಿದ ಹಾಳೆ ಖಾಲಿ ಬಿಟ್ಟೆ,
ಅವನಿಗೆ.