ಉತ್ತರವಿಲ್ಲದ ಊರು

ಡುಲೂತ್‌ನಿಂದ ಮೂರು ದಿನ ಕಾರು ಓಡಿಸಿಕೊಂಡು ಬಂದೆ.
ಹಿಂದಿನ ಸೀಟಿನಲ್ಲಿ ಗ್ಲೋಬು, ಬೆಲ್ಟು ಬಿಗಿಸಿಕೊಂಡು
ತಂಟೆಯಿಲ್ಲದ ಮಗುವಿನಂತೆ ಕೂತಿತ್ತು.
ಡಿಕ್ಕಿಯಲ್ಲಿ ಹಿಮ ಎತ್ತುವ ಸಲಿಕೆ,
ತೆಗೆದಿಡಲು ಮರೆತದ್ದು.

ನ್ಯೂ ಆರ್ಲಿಯನ್ಸಿನ ಆಗಸ್ಟು
ಕಾರಿನ ಬಾಗಿಲು ತೆರೆದದ್ದೇ ಕನ್ನಡಕಕ್ಕೆ ಆವಿ ಹಿಡಿಸಿತು.
ಹಾಗಾಗಿ ಊರು ಮೊದಲು ಕಿವಿಗೆ ಸಿಕ್ಕಿತು:
ಯಾವನೋ ಟ್ಯೂಬಾದ ಒಂದೇ ಸ್ವರವನ್ನು
ಮತ್ತೆ ಮತ್ತೆ ತಪ್ಪಾಗಿ ಊದುತ್ತಿದ್ದ.
ಯಾರೂ ಕಿಟಕಿ ಮುಚ್ಚಲಿಲ್ಲ.

ಪಕ್ಕದ ಮನೆಯ ಮಿಸ್ ಎರ್ನೆಸ್ಟೀನ್
ಮೆಟ್ಟಿಲ ಮೇಲೆ ಬೆಂಡೆಕಾಯಿ ಹೆಚ್ಚುತ್ತ, ತಲೆಯೆತ್ತದೆ,
'ಯಾರ ಮಗಳೇ ನೀನು?' ಅಂದಳು.
ನಮ್ಮ ಕಡೆ ಈ ಪ್ರಶ್ನೆಗೆ
ಎರಡು ಚಳಿಗಾಲವಾದರೂ ಕಳೆಯಬೇಕು.

ಏಳನೇ ತರಗತಿ, ಭೂಗೋಳ.
ಬೋರ್ಡಿನ ಮೇಲೆ ದಿಕ್ಸೂಚಿ ಬರೆದು ಕೇಳಿದೆ:
ನಮ್ಮ ಶಾಲೆಯ ಉತ್ತರಕ್ಕೆ ಏನಿದೆ?
ಮೂವತ್ತೊಂದು ಜೊತೆ ಕಣ್ಣು ನನ್ನ ಮೇಲೆ,
ಉತ್ತರ ತಿಳಿಯದೆ ಅಲ್ಲ,
ಪಾಪ, ಇವಳಿಗೆ ಪ್ರಶ್ನೆಯೇ ತಿಳಿಯದಲ್ಲ ಎಂದು.

ಟ್ರಾಂಬೋನಿನ ಪೆಟ್ಟಿಗೆಗೆ ಕಾಲು ಚಾಚಿ ಕೂತಿದ್ದ ಕೆಡ್ರಿಕ್
ಕೈಯೆತ್ತದೆ ಹೇಳಿದ:
'ಮಿಸ್ ಸಿಗ್ನಿ, ಇಲ್ಲಿ ಉತ್ತರ ಇಲ್ಲ.
ನದಿ ಕಡೆ ಇದೆ, ಕೆರೆ ಕಡೆ ಇದೆ,
ನೀರು ಬರೋ ಕಡೆ, ನೀರು ಹೋಗೋ ಕಡೆ. ಅಷ್ಟೇ.
ನದಿ ಸೊಟ್ಟ, ನದಿ ನೋಡಿ ಬೀದೀನೂ ಸೊಟ್ಟ,
ನಿಮ್ಮ ಮುಳ್ಳೊಂದೇ ನೆಟ್ಟಗಿರೋದು.'

ಕಿಟಕಿಯ ಬಳಿಯಿಂದ ಟ್ರಾಯ್ಲಿನ್ ಸೇರಿಸಿದಳು:
'ನೀವಿರೋ ಬೀದಿ ಕ್ಯಾಲಿಯೋಪಿ ಅಲ್ಲ ಮಿಸ್, ಕ್ಯಾಲಿಯೋಪ್.'
ಪುಸ್ತಕದಲ್ಲಿ, ಎಂದು ಬಾಯಿ ತೆರೆದೆ.
'ಅದು ಪುಸ್ತಕದ ಬೀದಿ.'

ಆ ಸಂಜೆ ಪಾಠದ ಟಿಪ್ಪಣಿಯನ್ನೆಲ್ಲ ಹೊಡೆದುಹಾಕಿ
ನದಿಯ ದಂಡೆಗೆ ಹೋದೆ.
ದಿಬ್ಬದ ಈಚೆ ನಿಂತು ತಲೆಯೆತ್ತಿದರೆ
ಒಂದು ಹಡಗು, ತುಕ್ಕು ಹಿಡಿದ ಹೊಟ್ಟೆ,
ಮನೆಯ ಸೂರುಗಳಿಗಿಂತ ಮೇಲೆ
ನಿಧಾನವಾಗಿ ಸಾಗುತ್ತಿತ್ತು.
ನೀರು ಮೇಲೆ, ನಾವು ಕೆಳಗೆ.
ಇದು ಯಾವ ನಕಾಶೆಯಲ್ಲೂ ನನಗೆ ಕಂಡಿರಲಿಲ್ಲ,
ಕಂಡಿತ್ತೋ ಏನೋ, ಬಣ್ಣ ತುಂಬಿ ಮುಂದೆ ಹೋಗಿದ್ದೆ.

ಹಿಂದಿರುಗುವಾಗ ಸೀಗಡಿಯವನು ತೂಕ ಮಾಡಿ,
ತಕ್ಕಡಿ ಸಮವಾದ ಮೇಲೆ ಇನ್ನೊಂದು ಹಿಡಿ ಸುರಿದ.
ಇದಕ್ಕೆಷ್ಟು? ಎಂದೆ.
'ಲಾನ್ಯಾಪ್, ಬೇಬಿ' ಎಂದು ನಕ್ಕ.
ಕೊಸರು. ಅದಕ್ಕೆ ಬೆಲೆ ಕೇಳಬಾರದಂತೆ.

ಸೆಪ್ಟೆಂಬರಿನ ಒಂದು ರಾತ್ರಿ ಮಳೆ ಹೊಡೆಯಿತು.
ಬಾಗಿಲು ದಬದಬ. 'ಮಲಗಿದ್ದೀಯೇನೇ! ಪಂಪು ನಿಂತಿದೆ,
ಕಾರು ದಿಣ್ಣೆ ಮೇಲೆ ಹತ್ತಿಸು!'
ರಸ್ತೆಯ ನಡುವಿನ ಹುಲ್ಲುಪಟ್ಟಿಯ ಮೇಲೆ
ಬೀದಿಯ ಕಾರುಗಳೆಲ್ಲ ಆಗಲೇ ಕೊಟ್ಟಿಗೆ ಸೇರಿದ ದನಗಳು.
ಮೋರಿಯ ಬಾಯಿಗೆ ಓಕ್ ಎಲೆ, ಹಬ್ಬದ ಪ್ಲಾಸ್ಟಿಕ್ ಮಣಿಸರ,
ಯಾರದೋ ಒಂದು ಚಪ್ಪಲಿ.
ಡಿಕ್ಕಿ ತೆರೆದು ಸಲಿಕೆ ತಂದೆ.
'ಇದ್ಯಾವ ಅವತಾರ?' ಎಂದಳು ಎರ್ನೆಸ್ಟೀನ್.
ಹಿಮ ಎತ್ತೋದು, ಎಂದೆ ಮೊಣಕಾಲು ನೀರಿನಲ್ಲಿ.
ಅವಳು ನಕ್ಕ ನಗೆಗೆ ಮೂರು ಮನೆಯ ದೀಪ ಹತ್ತಿತು.
ಬೆಳಗಿನ ತನಕ ಎತ್ತಿದೆವು, ಸರದಿಯ ಮೇಲೆ.
ಟ್ಯೂಬಾದವನೂ ಬಂದಿದ್ದ; ಹದಿನಾರರ ಹುಡುಗ,
ಹೆಸರು ಲುಸೀಯನ್, ಮಾತು ಕಡಿಮೆ.

ಅಕ್ಟೋಬರಿನ ಕಿರುಪರೀಕ್ಷೆಯಲ್ಲಿ
ಹಟಕ್ಕೆ ಅದೇ ಪ್ರಶ್ನೆ ಇಟ್ಟೆ, ನಾಲ್ಕನೆಯದು:
ನಮ್ಮ ಶಾಲೆಯ ಉತ್ತರಕ್ಕೆ ಏನಿದೆ?
ಕೆಲವರು 'ಕೆರೆ' ಎಂದರು. ಕೆಲವರು ಖಾಲಿ ಬಿಟ್ಟರು.
ಕೆಡ್ರಿಕ್ ಪೆನ್ಸಿಲಿನಲ್ಲಿ, ಸಾಲು ತಪ್ಪಿದ ಅಕ್ಷರದಲ್ಲಿ ಬರೆದಿದ್ದ:
'ಮಿಸ್ ಸಿಗ್ನಿಯ ಅಮ್ಮ.'

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ಎರಡಕ್ಕೆ ಎರಡು ಕೊಟ್ಟೆ.
ಆಮೇಲೆ ಅರ್ಧ, ಕೊಸರು.