ಅಳವಡಿಕೆ ಸೇರಿ

ಸಮಿತಿ ಬರುತ್ತದೆ ಅಂತ ತಿಳಿದ ಮರುದಿನ
ಕಚೇರಿಯ ಫ್ಯಾನುಗಳನ್ನೆಲ್ಲ ಒರೆಸಿದರು.
ಏಣಿಯ ಮೇಲಿಂದ ಇಮಾಮಸಾಬ ಅಸೂಟಿ ಕೇಳಿದ:
"ಬಾಯಾರ, ಅವರು ರೊಕ್ಕಾ ಕೊಡಾಕ ಬರ್ತಾರೋ, ಕೇಳಾಕೋ?"
ಕೊಟ್ಟದ್ದನ್ನು ಕೇಳಾಕ, ಅಂದೆ.
"ಕೊಟ್ಟು ಎಷ್ಟ ವರ್ಷಾತು?"
ಒಂಬತ್ತು.
ಅವನು ಸುಮ್ಮನೆ ಇಳಿದು
ಏಣಿಯನ್ನು ಇನ್ನೊಂದು ಫ್ಯಾನಿನ ಕೆಳಗೆ ಸರಿಸಿದ.

ಒಂಬತ್ತು ವರ್ಷದ ಹಿಂದೆ, ಮಾರ್ಚ್ ಮೂವತ್ತೊಂದು,
ಗದಗಿನ ಖಜಾನೆಯಲ್ಲಿ ರಾತ್ರಿ ಹನ್ನೊಂದು ನಲವತ್ತು.
ಬದನೆಕಾಯಿ ಬಜಿ ಕಟ್ಟಿ ತಂದ ಕಾಗದದ ಎಣ್ಣೆ
ಬಿಲ್ಲಿನ ಮೂಲೆಗೂ ಹತ್ತಿತ್ತು.
ಹಾಸ್ಟೆಲ್ಲುಗಳಿಗೆ ಸೋಲಾರ್ ವಾಟರ್ ಹೀಟರ್, ಅರವತ್ತು.
ಹನ್ನೆರಡು ಹೊಡೆದರೆ ರೊಕ್ಕ ಲ್ಯಾಪ್ಸು;
ಆ ಶಬ್ದಕ್ಕೆ ನಮ್ಮಲ್ಲಿ
ಸಾವಿಗಿಂತ ಒಂದು ತೂಕ ಜಾಸ್ತಿ ಅಂಜಿಕೆ.
ಸಾಮಾನು ಮುಟ್ಟಿದೆ, ದಾಸ್ತಾನಿಗೆ ಸೇರಿದೆ, ಅಂತ ಸಹಿ ಹಾಕಿದೆ.
ಸುಳ್ಳಲ್ಲ. ಡಬ್ಬಿಗಳು ಬಂದಿದ್ದವು.
ಪೈಪು ಜೋಡಿಸುವ ಹಣ ಬೇರೆ ಲೆಕ್ಕ ಶೀರ್ಷಿಕೆಯಲ್ಲಿತ್ತು,
ಆ ಶೀರ್ಷಿಕೆಯ ಮುಂದೆ
ಸೊನ್ನೆಯೂ ಇರಲಿಲ್ಲ, ಬರೇ ಒಂದು ಅಡ್ಡಗೆರೆ.

ಲೆಕ್ಕ ಪರಿಶೋಧಕರು ಬಂದರು, ಪ್ಯಾರಾ ಬರೆದು ಹೋದರು.
ನಾನು ಆರು ಸಲ ಉತ್ತರ ಟೈಪು ಮಾಡಿದೆ:
ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.
ಯಾರು ಕೈಗೊಳ್ಳುವವರು, ವಾಕ್ಯ ಹೇಳುವುದಿಲ್ಲ.
ಕರ್ತೃವಿಲ್ಲದ ವಾಕ್ಯ
ಬಿಸಿಲಿಗೆ ಬಾಡುವುದಿಲ್ಲ, ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ.

ಸಮಿತಿ ಬಂತು. ಮೂರು ಪಕ್ಷದವರು,
ಸದನದಲ್ಲಿ ಒಬ್ಬರಿಗೊಬ್ಬರು ಕಾಗದ ಎಸೆದವರು,
ಒಂದೇ ಬಸ್ಸಿನಲ್ಲಿ ಶೇಂಗಾ ಸುಲಿದು ಹಂಚಿಕೊಳ್ಳುತ್ತ.
ಅಧ್ಯಕ್ಷರು ವಿರೋಧ ಪಕ್ಷದ ಹೆಣ್ಣುಮಗಳು.
ಮೇಜಿನ ಮೇಲಿನ ಹೂಗುಚ್ಛ ನೋಡಿ ಮೊದಲು ಕೇಳಿದ್ದು:
"ಇದು ಯಾವ ಹೆಡ್ಡಿನಾಗ ತಂದೀರಿ?"
ನಗಬಹುದಿತ್ತು. ಯಾರೂ ನಗಲಿಲ್ಲ.

ಬೆಟಗೇರಿಯ ಹಾಸ್ಟೆಲ್ಲು. ಪಕ್ಕದ ಓಣಿಯಿಂದ ಮಗ್ಗದ ಸಪ್ಪಳ.
ಮಾಳಿಗೆಯ ಮೇಲೆ ಗಾಜಿನ ಹಲಗೆಗಳು ಸಾಲಾಗಿ,
ಮೇಲೆ ಹುಡುಗಿಯರು ಒಣಹಾಕಿದ ದುಪಟ್ಟಾ, ಕಾಲುಚೀಲ.
ಅಧ್ಯಕ್ಷರು ಮುಟ್ಟಿ, ಚಟ್ಟನೆ ಕೈ ತೆಗೆದರು.
ಬಿಸಿಲಿತ್ತು, ಗಾಜಿತ್ತು, ಒಳಗೆ ತಾಮ್ರವಿತ್ತು.
ನೀರೊಂದು ಇರಲಿಲ್ಲ.
ಜಮುನಾ ಲಮಾಣಿ, ಬಿ.ಎ. ಎರಡನೇ ವರ್ಷ, ಹೇಳಿದಳು:
"ಐದಕ್ಕೆದ್ದು ತಣ್ಣೀರಾಗ ಜಳಕ ಮಾಡ್ತೇವ್ರಿ.
ಇವು ಕರೆಂಟ್ ಮಾಡೂವು ಅಂತ ತಿಳಕೊಂಡಿದ್ವಿ."

"ಬಿಲ್ಲಿಗೆ ಸಹಿ ಮಾಡಿದವರು ಯಾರು?"
ಉಪನಿರ್ದೇಶಕರು ಫೈಲು ತಿರುವಿದರು,
ಅವರು ಬಂದು ಇನ್ನೂ ಎರಡು ತಿಂಗಳು.
ನನ್ನ ಚೀಲದಲ್ಲಿ ಏಳನೆಯ ಉತ್ತರ ಟೈಪಾಗಿ ಕೂತಿತ್ತು.
"ನಾನರಿ," ಅಂದೆ.
ಒಂಬತ್ತು ವರ್ಷದ ವಾಕ್ಯಕ್ಕೆ ಕರ್ತೃ ಸಿಕ್ಕಿತು.
"ಯಾಕ ಮಾಡಿದ್ರಿ?"
"ಹನ್ನೆರಡಕ್ಕ ಇಪ್ಪತ್ತು ನಿಮಿಷ ಉಳಿದಿತ್ತರಿ."
ವರದಿಗಾರ ಪೆನ್ನು ನಿಲ್ಲಿಸಿ
ಅಧ್ಯಕ್ಷರ ಮುಖ ನೋಡಿದ.
"ಬರಕೊಳ್ಳಪಾ," ಅಂದರು.

ಹದಿನಾಲ್ಕು ತಿಂಗಳಿಗೆ ವರದಿ ಮಂಡನೆಯಾಯಿತು.
ನಾನು ಅದರಲ್ಲಿ 'ಇಲಾಖೆಯ ಪ್ರತಿನಿಧಿ'.
ಸಮಿತಿ ತೀವ್ರ ವಿಷಾದ ವ್ಯಕ್ತಪಡಿಸಿತ್ತು.
ಇಲಾಖೆ ನನ್ನದೊಂದು ಇನ್‌ಕ್ರಿಮೆಂಟು ನಿಲ್ಲಿಸಿತು;
ಸರಿಯೆನ್ನಲೋ ತಪ್ಪೆನ್ನಲೋ, ಇನ್ನೂ ಕೂಡಿ ಕಳೆಯುತ್ತಿದ್ದೇನೆ.

ಮುಂದಿನ ಬಜೆಟ್ಟಿನ ದಪ್ಪ ಸಂಪುಟದಲ್ಲಿ ಬೆರಳಿಟ್ಟು ಹುಡುಕಿದೆ.
'ಹಾಸ್ಟೆಲ್ ಉಪಕರಣ ಖರೀದಿ' ಅಂತ ಇದ್ದಲ್ಲಿ
ಎರಡೇ ಎರಡು ಶಬ್ದ ಹೊಸದಾಗಿ:
ಅಳವಡಿಕೆ ಸೇರಿ.
ಅಷ್ಟು ಲಕ್ಷ ಕೋಟಿಯ ಪುಸ್ತಕದೊಳಗೆ
ಬೆಟಗೇರಿಯ ಮಾಳಿಗೆಯಿಂದ ಇಳಿದು ಹೋದ ಶಬ್ದಗಳು.
ಇಮಾಮಸಾಬನಿಗೆ ಓದಿ ತೋರಿಸಿದೆ.
"ಇಷ್ಟನರಿ?"
ಇಷ್ಟ.
ಅವನು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದ,
ಅಕ್ಷರ ಎಣಿಸುವವನ ಹಾಗೆ.

ನಿವೃತ್ತಿಗೆ ಎಂಟು ದಿನ ಇದ್ದಾಗ, ಬೆಳಗಿನ ಐದೂವರೆಗೆ,
ಹಾಸ್ಟೆಲ್ಲಿಗೆ ಫೋನು ಹಚ್ಚಿದೆ.
ಯಾವುದೋ ಹುಡುಗಿ ಎತ್ತಿದಳು. ಜಮುನಾ ಪಾಸಾಗಿ ಹೋಗಿದ್ದಳು.
ವಾರ್ಡನ್ ಹೊಸಬರು, ಇನ್ನೂ ಎದ್ದಿಲ್ಲ.
"ನಿಲ್ಲರಿ," ಅಂತ ಆಕೆ ಫೋನು ಕಟ್ಟೆಯ ಮೇಲಿಟ್ಟು ಹೋದಳು.
ಆಚೆ ಬಕೆಟ್ಟಿಗೆ ನೀರು ಬೀಳುತ್ತಿತ್ತು.
ಕಿವಿಗೊತ್ತಿ ಹಿಡಿದೆ.
ಬಿಸಿಯೋ ತಣ್ಣಗೋ
ಸಪ್ಪಳದಿಂದ ತಿಳಿಯುವುದಿಲ್ಲ.