ಮೀಟರಿಗೆ ಗೊತ್ತಿಲ್ಲದ ದಾರಿ

ರಾತ್ರಿ ಎರಡು ಬಾಟಲಿ ಮೆಟ್ಟಿಲ ಮೇಲಿಟ್ಟು ಮಲಗಿದೆ.
ಒಂದರಲ್ಲಿ ಅಣ್ಣ ಬಿಟ್ಟುಹೋದ ಹಳೇ ಡಬ್ಬದ ಎಣ್ಣೆ.
ಇನ್ನೊಂದರಲ್ಲಿ ಸಿಂಥೆಟಿಕ್, ಸೊನ್ನೆ ಡಬ್ಲ್ಯೂ ಮೂವತ್ತು,
ಅರ್ಧ ವಾರದ ದುಡಿಮೆ ನುಂಗಿದ್ದು.
ಬೆಳಿಗ್ಗೆ ಯಾಕೂತ್ಸ್ಕ್ ಮೈನಸ್ ನಲವತ್ತಾರು.

ಹಳೆಯದನ್ನು ಬೋರಲು ಹಿಡಿದೆ. ಕದಲಲಿಲ್ಲ.
ಜೋನಿಬೆಲ್ಲದ ಹಾಗೆ ತಳ ಕಚ್ಚಿ ಕೂತಿತ್ತು.
ಹೊಸದು ಬಂತು,
ಶಾಲೆಗೆ ಎಬ್ಬಿಸಿದರೆ ಗೊಣಗಿಕೊಂಡು ಬರುವ
ನನ್ನ ಮಗಳ ಹಾಗೆ, ನಿಧಾನಕ್ಕೆ, ಆದರೂ ಬಂತು.

ಯಾವ ಎಣ್ಣೆ ಎಂಬ ಜಗಳ ಅಲ್ಲಿಗೆ ಮುಗಿಯಿತು.
ಎಷ್ಟು ದಿನಕ್ಕೊಮ್ಮೆ ಎಂಬುದು ಉಳಿಯಿತು.

ಡಬ್ಬದ ಬೆನ್ನ ಮೇಲೆ ಹತ್ತು ಸಾವಿರ ಕಿಲೋಮೀಟರು ಎಂದಿದೆ.
ಬರೆದವನು ಬೆಚ್ಚಗಿನ ಊರಿನವನಿರಬೇಕು.
ಮೆಕ್ಯಾನಿಕ್ ಪ್ರೊಕೋಪಿ ನಾಲ್ಕು ಅನ್ನುತ್ತಾನೆ.
ಅವನಿಗೂ ನನಗೂ ಮೊದಲಿಂದ ಎಣ್ಣೆ ಸೀಗೆಕಾಯಿ.
ಮೀಟರು ತೋರಿಸಿದೆ: ಬದಲಾಯಿಸಿದ ಮೇಲೆ
ಓಡಿದ್ದು ಬರೀ ಮೂರು ಸಾವಿರದ ಇನ್ನೂರು.

"ತುಯಾರಾ, ರಾತ್ರಿ ನಿನ್ನ ವ್ಯಾನು ಏನು ಮಾಡುತ್ತದೆ?"

ಏನು ಮಾಡುತ್ತದೆ. ಉರಿಯುತ್ತದೆ.
ನವೆಂಬರಿನಲ್ಲಿ ಚಾಲೂ ಮಾಡಿದ ಎಂಜಿನ್ನನ್ನು
ನಾವು ಬಾಡಿಗೆ ಗಾಡಿಯವರು ಮಾರ್ಚಿನವರೆಗೆ ಆರಿಸುವುದಿಲ್ಲ.
ಆರಿಸಿದರೆ ಬೆಳಿಗ್ಗೆ ಅದು ಕಬ್ಬಿಣ, ಅಷ್ಟೆ.
ಕಂಬಳಿ ಹೊದ್ದು, ನಿಂತಲ್ಲೇ ಗುರುಗುಟ್ಟುತ್ತ,
ನಾನು ಉಣ್ಣುವಾಗ, ನಿದ್ದೆಯಲ್ಲಿ ಹೊರಳುವಾಗ,
ಲೇನಾ ನದಿಯ ಹಿಮದ ಮೇಲೆ ಆಚೆ ದಡದ ರೈಲಿಗೆ ಜನ ಬರುವವರೆಗೆ
ಕಾಯುವಾಗಲೂ
ಒಂದೇ ಸಮನೆ ದಾರಿ ಸವೆಸುತ್ತಿರುತ್ತದೆ,
ಮೀಟರಿಗೆ ಗೊತ್ತಿಲ್ಲದ ದಾರಿ.

ಅಳತೆಕಡ್ಡಿ ಎಳೆದು ಮೂಗಿಗೆ ಹಿಡಿದ.
ಎಣ್ಣೆಯಲ್ಲಿ ಪೆಟ್ರೋಲು ನಾರಿತು.
ಕುಂಟುತ್ತ ಉರಿದ ಎಂಜಿನ್ನು ಅರೆ ಸುಟ್ಟ ಇಂಧನವನ್ನು
ಮೆಲ್ಲನೆ ಕೆಳಗಿಳಿಸಿ, ಎಣ್ಣೆಯನ್ನು ತೆಳುವಾಗಿಸಿತ್ತು,
ಹಾಲಿಗೆ ನೀರು ಬೆರೆಸುವವಳ ಹಾಗೆ, ಸದ್ದಿಲ್ಲದೆ.

ನಂಬಿಬಿಡುತ್ತಿದ್ದೆ.
ಅಷ್ಟರಲ್ಲಿ ಅವನ ಗ್ಯಾರೇಜಿನ ಮೂಲೆಯ ಒಲೆ ಕಂಡಿತು.
ಕೆಂಪಗೆ, ಹೊಟ್ಟೆ ತುಂಬಿ ಉರಿಯುತ್ತಿದೆ.
ಮೇಲೊಂದು ಡ್ರಮ್ಮು, ಅದರಿಂದ ಒಂದು ಕೊಳವೆ,
ತೊಟ್ಟು ತೊಟ್ಟಾಗಿ ಇಳಿಯುತ್ತಿರುವುದು
ಊರವರೆಲ್ಲ ಬದಲಾಯಿಸಿ ಬಿಟ್ಟುಹೋದ ಕರಿ ಎಣ್ಣೆ.
ಓಹೋ, ಅಂದೆ.
ಏನು ಓಹೋ, ಅಂದ. ಕಿವಿ ಮಾತ್ರ ಕೆಂಪಾಯಿತು,
ಒಲೆಯ ಬಿಸಿಗೂ ಇರಬಹುದು.

ಹೇಳಿದವನಿಗೆ ಲಾಭವಿದ್ದ ಮಾತ್ರಕ್ಕೆ
ಹೇಳಿದ್ದು ಸುಳ್ಳಾಗಬೇಕಿಲ್ಲ.
ಇದು ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು.
ಆ ಮೂರು ವಾರ, ಪ್ರತಿ ಭಾನುವಾರ
ಮಗಳ ಚಿತ್ರದ ಹಾಳೆಯ ಮೇಲೆ ಒಂದು ತೊಟ್ಟು ಬಿಟ್ಟೆ.
ಮೊದಲನೆಯದು ಚಹಾ ಬಣ್ಣ, ಅಂಚು ಹರಡಿ ಚಂದ.
ಎರಡನೆಯದಕ್ಕೆ ನಡುವೆ ಕಪ್ಪು.
ಮೂರನೆಯದು ಹರಡಲೇ ಇಲ್ಲ, ಮಧ್ಯದಲ್ಲೇ ಹೆಪ್ಪುಗಟ್ಟಿ
ಸುತ್ತ ಮಾತ್ರ ಮಂಕು ಉಂಗುರ.
"ಇದು ಯಾವ ಗ್ರಹ?" ಅಂದಳು ಮಗಳು.
ನಮ್ಮದೇ, ಅಂದೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆ
ಬೇಸಿಗೆಯಲ್ಲಿ ಬೇರಿಂಗಿನ ಮುಂದೆ ಕಣ್ಣು ಬಿಡಬೇಕಾಗುತ್ತದೆ.
ಚೆಲ್ಲಿದ ಒಳ್ಳೆ ಎಣ್ಣೆಯ ಲೆಕ್ಕ ಕೈಗೆ ಸಿಗುತ್ತದೆ.
ಸವೆದ ಲೋಹದ್ದು ಯಾರೂ ರಸೀತಿ ಕೊಡುವುದಿಲ್ಲ.

ಹತ್ತೂ ಅಲ್ಲ, ನಾಲ್ಕೂ ಅಲ್ಲ.
ಡ್ಯಾಶ್‌ಬೋರ್ಡಿಗೆ ಹಳದಿ ಟೇಪು ಅಂಟಿಸಿ
ಕಿಲೋಮೀಟರಿನ ಬದಲು ಗಂಟೆ ಬರೆಯತೊಡಗಿದೆ.
ಗೀಟು ಹಾಕಿ ಹಾಕಿ, ಕೈದಿಯ ಹಾಗೆ. ಇನ್ನೂರೈವತ್ತು
ತುಂಬಿದರೆ ಬದಲು. ಬೇಸಿಗೆಯಲ್ಲಿ ಡಬ್ಬದ ಮಾತು ಕೇಳೋಣ.
ಇನ್ನೂರೈವತ್ತೇ ಯಾಕೆ ಅಂದರೆ
ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.
ಹಾಳೆಯ ಮೂರನೇ ತೊಟ್ಟು ಅಲ್ಲಿ ಕೆಟ್ಟಿತು, ಅಷ್ಟೆ.

ನಿನ್ನೆ ಗೀಟು ತುಂಬಿತು. ತಳದ ಬೋಲ್ಟು ಬಿಚ್ಚಿದಾಗ
ಕಪ್ಪು ನೂಲು ಕಡಿಯದೆ ಇಳಿಯಿತು, ಹೊಗೆಯಾಡುತ್ತ.
ಪ್ರೊಕೋಪಿ ಬಕೆಟ್ಟು ಎತ್ತಿಕೊಂಡು ಒಲೆಯ ಕಡೆ ನಡೆದ.
"ದುಡ್ಡು ನಿನ್ನದು, ಬಿಸಿ ನನ್ನದು," ಅಂದ, ನಗದೆ.
ಕೈಗವಸು ತೆಗೆದು ಒಲೆಗೆ ಅಂಗೈ ಚಾಚಿದೆ.
ಅರ್ಧ ನನ್ನದೂ, ಅಂದೆ.